ಒಳಕೋಣೆಯ ಲೇಡಿ

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಬಾರದು ಎನ್ನುವುದು ಅಲ್ಲಿನ ಸಿಸ್ಟರುಗಳು ಕಲಿಸಿದ ಮೊದಮೊದಲ ಪಾಠಗಳಲ್ಲಿ ಒಂದು. ಒಳ್ಳೆಯ ಮನೆತನದ ಇಂಗ್ಲಿಷ್ ಹೆಂಗಸರು ಹಾಗೆ ಮಾಡುವುದಿಲ್ಲವಂತೆ. ೧೯೯೦ರ ಆಗಸ್ಟಿನಲ್ಲಿ, ಕುವೈತಿನ ಜಾಬ್ರಿಯಾದ ನಮ್ಮ ಫ್ಲ್ಯಾಟಿನಲ್ಲಿ, ನಿಜವಾದ ಲಾರ್ಡ್ ಒಬ್ಬರ ಮಗಳು ನನ್ನ ಊಟದ ಮೇಜಿನ ಮುಂದೆ ಕೂತು ಗ್ಲೂಕೋಸ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ಚಕ್ಕನೆ ಬಾಯಿಗೆ ಹಾಕಿಕೊಂಡರು. ಹೊರಗೆ ರಸ್ತೆಯಲ್ಲಿ ಟ್ಯಾಂಕುಗಳು ಓಡಾಡುತ್ತಿದ್ದವು. ನನಗೆ ಆ ಗಳಿಗೆಯಲ್ಲಿ ಬಿಸ್ಕತ್ತೇ ದೊಡ್ಡದಾಗಿ ಕಂಡಿತು.

ಅವರು ನಮ್ಮ ಮನೆ ಸೇರಿದ ಬಗೆ ಹೀಗೆ. ಫಹಾಹೀಲ್‌ನಲ್ಲಿ ಎಣ್ಣೆ ಕಂಪನಿಯ ಕೆಲಸದಲ್ಲಿದ್ದ ಸೋದರಳಿಯನನ್ನು ನೋಡಲು ಬಂದಿದ್ದ ಅವರಿಗೆ ಹೊಟ್ಟೆನೋವು ಕಾಣಿಸಿಕೊಂಡು, ಜಾಬ್ರಿಯಾದ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಗಿತ್ತು. ಸೋದರಳಿಯ ಕಚೇರಿ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾಗಲೇ ಇರಾಕಿನ ಸೈನ್ಯ ಬಂದುಬಿಟ್ಟಿತು. ನಮ್ಮ ಯಜಮಾನರು ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಬ್ರಿಟಿಷರನ್ನು ಹಿಡಿದು, ಬಾಂಬು ಬೀಳಬಹುದಾದ ಕಾರ್ಖಾನೆಗಳಲ್ಲಿ ಗುರಾಣಿಯ ಹಾಗೆ ಇರಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ವಾರ್ಡಿನಲ್ಲಿ ಬ್ರಿಟಿಷರು ಯಾರಿದ್ದಾರೆ ಎಂದು ಸೈನಿಕರು ವಿಚಾರಿಸಿ ಹೋದ ಮಧ್ಯಾಹ್ನವೇ ಇವರು ಅವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಮೇಲೊಂದು ಕಂಬಳಿ ಹೊದಿಸಿ ಮನೆಗೆ ಕರೆತಂದರು. ಪರದೇಶದವರನ್ನು ಬಚ್ಚಿಟ್ಟವರಿಗೆ ನೇಣು ಎಂದು ರೇಡಿಯೋದಲ್ಲಿ ಸಾರುತ್ತಿದ್ದ ದಿನಗಳವು. ನಮ್ಮ ಮಗಳು ರಜೆಗೆಂದು ಮೈಸೂರಿನಲ್ಲಿ ಅಜ್ಜಿಯ ಹತ್ತಿರ ಇದ್ದಳು. ಅದೊಂದೇ ಸಮಾಧಾನ. ಇಂಡಿಯಾದವರನ್ನು ಸೈನಿಕರು ‘ಹಿಂದಿ, ಹಿಂದಿ’ ಎಂದು ಕೈಬೀಸಿ ಬಿಟ್ಟುಬಿಡುತ್ತಿದ್ದರು. ಆದರೆ ನಮ್ಮ ಮನೆಯೊಳಗೆ ಈಗ ಹಿಂದಿ ಅಲ್ಲದ ಒಬ್ಬರಿದ್ದರು.

ಎಪ್ಪತ್ತು ದಾಟಿದ ವಯಸ್ಸು, ಕಂಬದಂಥ ನಿಲುವು. ನನ್ನ ಹೂವಿನ ನೈಟಿ ಅವರ ಮೊಣಕಾಲಿಗೇ ಮುಗಿದುಹೋಗುತ್ತಿತ್ತು. ಅದರ ಮೇಲೂ ಕೊರಳಿನ ಮುತ್ತಿನ ಸರವನ್ನು ಮಾತ್ರ ತೆಗೆಯಲಿಲ್ಲ. ಬಾಳೆಹಣ್ಣನ್ನು ಚಾಕು ಫೋರ್ಕಿನಲ್ಲಿ ಕತ್ತರಿಸಿ ತಿನ್ನುತ್ತಿದ್ದರು. ಎದ್ದ ಮೇಲೆ ಹಾಸಿಗೆಯ ಚಾದರವನ್ನು ತಾವೇ ಒಂದೂ ಸುಕ್ಕಿಲ್ಲದ ಹಾಗೆ ಎಳೆದು ಮಡಿಸುತ್ತಿದ್ದರು. ಅವರ ಹೆಸರಿನ ಮುಂದೆ ಲೇಡಿ ಎಂಬ ಬಿರುದಿತ್ತಾದ್ದರಿಂದ ನಾನು ಹಾಗೆಯೇ ಕರೆಯುತ್ತಿದ್ದೆ. ನಮ್ಮ ಸಂಭಾಷಣೆಯೆಲ್ಲ ಇಂಗ್ಲಿಷಿನಲ್ಲೇ.

ಎರಡನೆಯ ದಿನ ಊಟಕ್ಕೆ ಕೂತಾಗ ಅವರು ಚಮಚ ಕೆಳಗಿಟ್ಟರು.

“ನಿಮಗೆ ಗೊತ್ತಿರುವುದು ಒಳ್ಳೆಯದು,” ಎಂದರು. “ನಿಮ್ಮ ಕಡೆಯ ಜನರನ್ನು ನಮ್ಮ ದೇಶದೊಳಗೆ ಬಿಡಬಾರದು ಎಂದು ವೇದಿಕೆ ಹತ್ತಿ ಹೇಳುತ್ತಾ ಬಂದವಳು ನಾನು. ಅದನ್ನೇ ಜೀವನದ ಕೆಲಸ ಮಾಡಿಕೊಂಡವಳು. ಇದನ್ನು ಮುಚ್ಚಿಟ್ಟುಕೊಂಡು ನಿಮ್ಮ ಅನ್ನ ತಿನ್ನಲಾರೆ. ಕಳಿಸುವುದಿದ್ದರೆ ಕಳಿಸಿಬಿಡಿ.”

ನಾನು ಸೌಟು ಹಿಡಿದು ನಿಂತಿದ್ದೆ. ಇನ್ನೊಂಚೂರು ಅನ್ನ ಹಾಕಲೇ ಎಂದು ಕೇಳಿದೆ. ಹಾಕಿ ಎಂದರು.

ಇವರಿಗೆ ಹೇಳಿದೆ. ಬಯ್ಯುತ್ತಾರೇನೋ ಅಂದುಕೊಂಡಿದ್ದೆ. ಇವರು ಕನ್ನಡಕ ಒರೆಸುತ್ತಾ, “ನಾವೇನು ಅವರೂರಿಗೆ ಹೋಗಿ ಕೂತಿಲ್ವಲ್ಲೇ. ಅವರೇ ನಮ್ಮನೆಗೆ ಬಂದಿರೋದು. ಇಕಾಮಾ ಇಲ್ಲ, ಕಫೀಲ್ ಇಲ್ಲ. ಸದ್ಯಕ್ಕೆ ಅವರ ಕಫೀಲ್ ನೀನೇ,” ಎಂದರು. ವಾಸದ ಪರವಾನಗಿಗಾಗಿ, ಅದನ್ನು ಕೊಡಿಸುವ ಅರಬ್ಬೀ ಧಣಿಗಾಗಿ ವರ್ಷವರ್ಷವೂ ಕಾದು ನಿಂತ ನಮಗೆ ಆ ಪದವಿ ಬಂದದ್ದು ನೆನೆದು ನನಗೆ ನಗು ತಡೆಯಲಾಗಲಿಲ್ಲ.

ಕಿಟಕಿ ಪರದೆಗಳನ್ನು ಎಳೆದುಕೊಂಡು ಮಧ್ಯಾಹ್ನಗಳನ್ನು ಕಳೆಯಬೇಕಾಗಿತ್ತು. ನಾನು ಅಕ್ಕಿ ಆರಿಸುವಾಗ ಅವರೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕಲ್ಲು ಹುಡುಕುತ್ತಿದ್ದರು. ತಮ್ಮ ಬದುಕನ್ನು ಹೇಳಿಕೊಳ್ಳುತ್ತಿದ್ದರು. ಹುಟ್ಟಿದ ಮನೆಯಲ್ಲಿ ಎಷ್ಟು ಕೋಣೆಗಳಿವೆ ಎಂದು ಅವರ ತಂದೆಗೇ ಖಚಿತವಾಗಿ ಗೊತ್ತಿರಲಿಲ್ಲವಂತೆ. ಚಳಿಗಾಲದಲ್ಲಿ ಅದರಲ್ಲಿ ಮೂರು ಕೋಣೆಗೆ ಮಾತ್ರ ಬೆಂಕಿ. ಉಳಿದವುಗಳಲ್ಲಿ ಸೋರುವ ಸೂರಿನ ಕೆಳಗೆ ಪಿಂಗಾಣಿಯ ಪಾತ್ರೆಗಳು. ಹೆಣ್ಣಾದ್ದರಿಂದ ಮನೆಯೂ ಸಿಗಲಿಲ್ಲ, ತಂದೆಗಿದ್ದ ಪಾರ್ಲಿಮೆಂಟಿನ ಮೇಲ್ಮನೆಯ ಪೀಠವೂ ಸಿಗಲಿಲ್ಲ. ಎರಡೂ ತಮ್ಮನಿಗೆ ಹೋದವು. ತಮ್ಮನಿಗೆ ನಾಯಿ ಸಾಕುವುದೊಂದೇ ಗೊತ್ತಿತ್ತು ಎಂದು ಅವರು ಹೇಳುವಾಗ ಅಕ್ಕಿಯ ಕಲ್ಲೊಂದು ಟಕ್ಕೆಂದು ತಟ್ಟೆಗೆ ಬೀಳುತ್ತಿತ್ತು. ಅದಕ್ಕೇ ಪಕ್ಷ ಸೇರಿದರಂತೆ. ಪಕ್ಷದಲ್ಲೂ ಬಲಪಂಥದ ಬಲತುದಿ. ಒಮ್ಮೆ ಚುನಾವಣೆಗೆ ನಿಂತು ಸೋತರು. ಸಭೆಗಳಲ್ಲಿ ಮೊಟ್ಟೆಯೇಟು ತಿಂದರು. ಮೊಟ್ಟೆಯ ಕಲೆಯಿದ್ದ ಕೋಟನ್ನು ಒಗೆಯಲು ಹಾಕದೆ ಇಟ್ಟುಕೊಂಡಿದ್ದಾರಂತೆ, ನಮ್ಮ ಕಡೆ ಸನ್ಮಾನದ ಶಾಲು ಇಟ್ಟುಕೊಳ್ಳುವ ಹಾಗೆ.

ಕುವೈತಿನ ಪದ್ಧತಿ ಅವರಿಗೆ ಬಹಳ ಹಿಡಿಸಿತ್ತು. ಇಲ್ಲಿಯವರು ಕೆಲಸಕ್ಕೆ ಕರೆಯುತ್ತಾರೆ, ಕೆಲಸ ಮುಗಿದರೆ ಕಳಿಸುತ್ತಾರೆ, ನೀವು ನಮ್ಮವರು ಎಂದು ಸುಳ್ಳು ಹೇಳುವುದಿಲ್ಲ, ಅದು ಪ್ರಾಮಾಣಿಕ ಎನ್ನುತ್ತಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ದೊಡ್ಡಮ್ಮನ ಮಗ ಇಂಗ್ಲೆಂಡಿನಲ್ಲಿ ಡಾಕ್ಟರು, ನಿಮ್ಮ ಮಕ್ಕಳಿಗೆ ಹೆರಿಗೆ ಮಾಡಿಸುತ್ತಾನೆ, ಅವನನ್ನೂ ಕಳಿಸುತ್ತೀರಾ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ಒಂದು ಕಲ್ಲನ್ನು ಆರಿಸಿ ತಟ್ಟೆಯಂಚಿಗೆ ಇಟ್ಟು, ದುರದೃಷ್ಟವಶಾತ್ ಅವನನ್ನೂ, ಎಂದರು. ಅವತ್ತಿನ ಸಾರಿಗೆ ನಾನು ಮೆಣಸನ್ನು ಅಳತೆ ನೋಡದೆ ಹಾಕಿದೆ. ಅವರು ಕಣ್ಣೀರು ಒರೆಸಿಕೊಂಡೇ ಎರಡು ಸಲ ಹಾಕಿಸಿಕೊಂಡರು.

ಆದರೆ ಮನೆಮನೆಗೆ ಹೋಗಿ ವೋಟು ಕೇಳುವ ವಿದ್ಯೆಯ ಬಗ್ಗೆ ಅವರು ಹೇಳುತ್ತಿದ್ದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತಿತ್ತು. ಮುಖಕ್ಕೆ ಬಾಗಿಲು ಹಾಕುವವರಿಗೆ ಅವರು ಹೆದರುತ್ತಿರಲಿಲ್ಲವಂತೆ. ಹೆದರುತ್ತಿದ್ದದ್ದು, ನೋಡಿದ ಕೂಡಲೇ ಮುಖ ಅರಳಿಸಿ ಒಳಗೆ ಕರೆಯುವ ಮುದುಕಿಯರಿಗೆ. ಅವರ ಸೋಫಾದ ಮೇಲೆ ಒಮ್ಮೆ ಕೂತರೆ ಆ ಬೀದಿಯ ಪ್ರಚಾರ ಅಲ್ಲಿಗೆ ಮುಗಿಯಿತು.

ಹಾಗಾದರೆ ನಮ್ಮ ಬಾಗಿಲಿಗೆ ಸೈನಿಕರು ಬಂದರೆ, ಎಂದೆ.

“ನಿಮಗೆ ಅವರನ್ನು ನೋಡಿ ಬಹಳ ಸಂತೋಷವಾಗಬೇಕು,” ಎಂದರು ಲೇಡಿ.

ಅಂದಿನಿಂದ ಅಭ್ಯಾಸ ಶುರುವಾಯಿತು. ಅವರು ಮಲಗುವ ಕೋಣೆಯ ಬಾಗಿಲಾಚೆ ಸೈನಿಕನಾಗಿ ನಿಂತು ದಬದಬ ಬಡಿಯುವುದು, ನಾನು ತೆರೆದು ಸಂತೋಷಪಡುವುದು. ನನ್ನ ಸಂತೋಷ ಸಾಲದು, ಸಾಲದು ಎಂದು ಮತ್ತೆ ಮತ್ತೆ ಬಡಿದರು. ಮನೆಗೆ ಗಂಡಸರು ಬಂದರೆ ಅಡುಗೆಮನೆಯಿಂದಲೇ ಕಾಫಿ ಕಳಿಸಿ ಸುಮ್ಮನಿರುತ್ತಿದ್ದವಳು ನಾನು. ಕಾನ್ವೆಂಟಿನಲ್ಲೂ ನನಗೆ ಬಂದ ಬಹುಮಾನ ಮೌನಕ್ಕೆ, ಅಂದರೆ ಸದ್ವರ್ತನೆಗೆ.

ಒಂದು ದಿನ ಮೇಲಿನ ಮನೆಯ ಮಂಗಳೂರಿನ ಅಕ್ಕ ಈರುಳ್ಳಿ ಕೇಳಲು ಇಳಿದು ಬಂದರು. ಅವರ ಗಂಡ ಖೈತಾನ್‌ನಲ್ಲಿ ಹೋಟೆಲ್ ನೋಡಿಕೊಳ್ಳುತ್ತಿದ್ದರು. ಬಾಗಿಲ ಪಕ್ಕದಲ್ಲಿ ನಾನು ಮರೆತು ಬಿಟ್ಟಿದ್ದ ಲೇಡಿಯವರ ಕಂದು ಬಣ್ಣದ ಬೂಟುಗಳ ಮೇಲೆ ಅಕ್ಕನ ಕಣ್ಣು ನಿಂತಿತು.

“ಇದು ಎಂತ ಮಾರಾಯ್ತಿ, ದೋಣಿಯಾ?” ಎಂದರು.

ಅಕ್ಕ ಒಳಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಬೂಟುಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, “ನಮ್ಮ ಮನೆಯಲ್ಲಿ ಇರಲಿ. ಯಾರಾದರೂ ಕೇಳಿದರೆ ನನ್ನ ಗಂಡನದ್ದು ಅಂತೇನೆ. ಅವರಿಗೆ ಬೇಜಾರಿಲ್ಲ, ಮೊದಲೇ ಆನೆಕಾಲು ಅಂತ ನಾನು ಹೇಳುವುದು ಉಂಟು,” ಎಂದು ಹೊರಟರು. ಈರುಳ್ಳಿ ಮರೆತೇಹೋಯಿತು.

ಅದಾದ ಕೆಲವು ದಿನಕ್ಕೆ ಆ ಬೆಳಗು ಬಂತು. ಇವರು ಡ್ಯೂಟಿಗೆ ಹೋಗಿದ್ದರು. ಅಕ್ಕ ಏದುಸಿರು ಬಿಡುತ್ತಾ ಓಡಿಬಂದು, ಸೈನಿಕರು ಪಕ್ಕದ ಬಿಲ್ಡಿಂಗ್ ಮುಗಿಸಿ ನಮ್ಮ ಮೆಟ್ಟಿಲು ಹತ್ತುತ್ತಿದ್ದಾರೆ ಎಂದು ಹೇಳಿ ಮೇಲೆ ಹೋದರು. ಲೇಡಿ ಒಳಕೋಣೆಗೆ ಸರಿದು ಬಾಗಿಲು ಮುಚ್ಚಿಕೊಂಡರು. ಆ ಕೋಣೆಗೆ ಚಿಲಕವಿರಲಿಲ್ಲ. ಅಷ್ಟರಲ್ಲೇ ಬಾಗಿಲು ಬಡಿದ ಸದ್ದು. ಲೇಡಿಯವರ ಬಡಿತಕ್ಕಿಂತ ಮೆದುವಾಗಿಯೇ ಇತ್ತು.

ಒಬ್ಬ ಅಧಿಕಾರಿ, ಇಬ್ಬರು ಸೈನಿಕರು. ನನಗೆ ಬಹಳ ಸಂತೋಷವಾಯಿತು. ಬನ್ನಿ ಬನ್ನಿ, ಇಷ್ಟು ದಿನಕ್ಕೆ ಬಂದಿರಲ್ಲ, ಕೂತ್ಕೊಳಿ, ಏನು ಸೆಕೆ, ಎಂದು ಇಂಗ್ಲಿಷ್, ಉರ್ದು, ಬರುವ ನಾಲ್ಕು ಅರಬ್ಬೀ ಮಾತು ಎಲ್ಲ ಸೇರಿಸಿ ಹೇಳುತ್ತಾ ಸೋಫಾದ ಮೇಲಿನ ದಿಂಬುಗಳನ್ನು ತಟ್ಟಿ ಸರಿಮಾಡಿದೆ. ನಿಂಬೆ ಪಾನಕ ತಂದಿಟ್ಟೆ. ಆಮೇಲೆ, ನಮ್ಮ ಕಡೆ ಮನೆಗೆ ಬಂದವರು ಯಾರೂ ತಪ್ಪಿಸಿಕೊಳ್ಳಲಾರದ ಆ ವಸ್ತುವನ್ನು ಷೋಕೇಸಿನಿಂದ ಇಳಿಸಿದೆ: ನಮ್ಮ ಮದುವೆಯ ಆಲ್ಬಂ.

ಇವರು ನಮ್ಮ ಚಿಕ್ಕಪ್ಪ, ಇವರು ಚಿಕ್ಕಪ್ಪನ ಷಡ್ಡಕರು, ಈ ಹುಡುಗಿಗೆ ಈಗ ಮದುವೆಯಾಗಿದೆ, ಈ ಸೀರೆ ನನ್ನದಲ್ಲ, ಅದೊಂದು ದೊಡ್ಡ ಕತೆ. ಇಬ್ಬರು ಸೈನಿಕರೂ ಐದು ನಿಮಿಷಕ್ಕೆ ಬಾಡಿದರು. ಒಬ್ಬ ಗಡಿಯಾರ ನೋಡಿದ. ಇನ್ನೊಬ್ಬ ಹೊರಡೋಣವೆಂಬಂತೆ ‘ಯಲ್ಲಾ’ ಎಂದು ಗೊಣಗಿದ. ವಿದ್ಯೆ ಫಲಿಸುತ್ತಿದೆ ಎಂದು ನಾನು ಹಿಗ್ಗುತ್ತಿರುವಾಗಲೇ ಅಧಿಕಾರಿ ಒಂದು ಚಿತ್ರದ ಮೇಲೆ ಬೆರಳಿಟ್ಟ.

“ಇದು ಧಾರೆ. ಅಲ್ವಾ?”

ಕನ್ನಡ. ತಪ್ಪುತಪ್ಪಾದರೂ ಕನ್ನಡ. ಅವನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದವನಂತೆ. ಬಸವನಗುಡಿಯಲ್ಲಿ ಒಂದು ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದನಂತೆ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಆಲ್ಬಮನ್ನು ಮೊದಲಿನಿಂದ ತಿರುವಲು ಶುರುಮಾಡಿದ. ಬಾಳೆ ಎಲೆ ಊಟದ ಚಿತ್ರ ಬಂದಾಗ ಒಂದೊಂದೇ ಬಡಿಸಿದ್ದನ್ನು ಗುರುತಿಸಿ ಹೆಸರು ಹೇಳಿದ. ಕೋಸಂಬರಿಯ ಮೇಲೆ ಬೆರಳು ಇಟ್ಟುಕೊಂಡೇ ಅದರ ಹೆಸರನ್ನು ಎರಡು ಸಲ ಹೇಳಿದ. ಬಂದವನಿಗೂ ನಮ್ಮನ್ನು ನೋಡಿ ಸಂತೋಷವಾಗಿಬಿಟ್ಟರೆ ಏನು ಮಾಡಬೇಕು ಎಂಬುದು ಲೇಡಿಯವರ ಪಾಠದಲ್ಲಿ ಇರಲಿಲ್ಲ.

ಆಗ ಒಳಕೋಣೆಯಿಂದ ಕೆಮ್ಮು ಕೇಳಿಸಿತು. ತಡೆದು ತಡೆದು, ಕೊನೆಗೆ ತಡೆಯಲಾರದೆ ಹೊರಬಿದ್ದ ಕೆಮ್ಮು.

ಗಡಿಯಾರ ನೋಡುತ್ತಿದ್ದ ಸೈನಿಕ ಎದ್ದು ನೇರ ಹೋಗಿ ಆ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟ.

“ಒಳಗೆ ಯಾರು?” ಎಂದ ಅಧಿಕಾರಿ.

“ನಮ್ಮತ್ತೆ,” ಎಂದೆ.

ಅವನು ಆಲ್ಬಂ ಮುಚ್ಚಿ ಎದ್ದು ನಿಂತ. ಬಸವನಗುಡಿಯಲ್ಲಿ ಕಲಿತದ್ದು ಮರೆತಿರಲಿಲ್ಲ. “ಅಮ್ಮಂಗೆ ನಮಸ್ಕಾರ ಮಾಡಿ ಹೋಗ್ತೀನಿ,” ಎಂದು ಕೋಣೆಯ ಕಡೆ ಹೆಜ್ಜೆಯಿಟ್ಟ.

ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದ ಮಾತನ್ನು ನಾನು ಯೋಚಿಸಿ ಹೇಳಿದೆ ಎಂದರೆ ಸುಳ್ಳಾಗುತ್ತದೆ. ನನ್ನ ನಿಜವಾದ ಅತ್ತೆ, ಮೈಸೂರಿನಲ್ಲಿದ್ದವರು, ನನಗೆ ಎಷ್ಟೋ ವರ್ಷ ಹೇಳಿದ ಮಾತದು. ಕಾನ್ವೆಂಟಿನ ಬೆಂಚಿನ ಮೇಲೆ ಯಾರ್ಯಾರ ಜೊತೆಗೋ ಕೂತು ಬಂದ ಸೊಸೆಯನ್ನು ಅಡುಗೆಮನೆಯ ಹೊಸ್ತಿಲಾಚೆ ನಿಲ್ಲಿಸಲು ಅವರು ಬಳಸುತ್ತಿದ್ದ ಮಾತು.

“ಮುಟ್ಟಬೇಡಿ,” ಎಂದೆ. “ಅತ್ತೆ ಮಡಿಯಲ್ಲಿದ್ದಾರೆ.”

ನನ್ನ ದನಿ ಅಷ್ಟು ಗಟ್ಟಿಯಾಗಿ ಹೊರಡಬಹುದೆಂದು ನನಗೇ ಗೊತ್ತಿರಲಿಲ್ಲ. ಅಧಿಕಾರಿ ಬೆಂಕಿ ತುಳಿದವನಂತೆ ಎರಡು ಹೆಜ್ಜೆ ಹಿಂದೆ ಸರಿದ. ಸೈನಿಕನ ಭುಜ ಹಿಡಿದು ಬಾಗಿಲಿನಿಂದ ಎಳೆದ. ಆ ಪಾಪದವನು ಪ್ರಶ್ನೆ ಕೇಳಿದ್ದಕ್ಕೆ ಅರಬ್ಬಿಯಲ್ಲಿ ಉದ್ದಕ್ಕೆ ಬಯ್ದು, ಕೊನೆಗೆ ‘ಖಲಾಸ್’ ಎಂದ. ಈಗ ನೀರಿಗೆ ಬೇರೆ ತಾಪತ್ರಯ, ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನ ಮಾಡುತ್ತಾರೆ, ಎರಡು ಬಕೆಟ್ ಬೇಕು, ಎಂದು ನಾನು ದೂರು ಹೇಳುವವಳಂತೆ ಮುಂದುವರಿಸಿದೆ. ಅವನು ತಲೆಯಾಡಿಸಿದ. ಅವನ ಮನೆಯೊಡತಿ ಬಾಡಿಗೆ ದುಡ್ಡನ್ನು ನೆಲದ ಮೇಲಿಡಿಸಿ, ನೀರು ಚಿಮುಕಿಸಿಯೇ ಎತ್ತಿಕೊಳ್ಳುತ್ತಿದ್ದರಂತೆ. ಅವನಿಗೆ ಟೈಫಾಯಿಡ್ ಆದಾಗ ಮಾತ್ರ ಮೂರು ಹೊತ್ತೂ ಗಂಜಿ ತಂದು ಮಹಡಿಯ ಮೆಟ್ಟಿಲ ಮೇಲಿಟ್ಟು, ಇಳಿದು ಹೋಗಿ ಕೆಳಗಿನಿಂದ ಕೂಗಿ ಎಬ್ಬಿಸುತ್ತಿದ್ದರಂತೆ. ಇದನ್ನೆಲ್ಲ ಹೇಳುವಾಗ ಅವನು ಅಧಿಕಾರಿಯಾಗಿ ಉಳಿದಿರಲಿಲ್ಲ. ಯಾರದೋ ಮನೆಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತ ಹುಡುಗನಾಗಿದ್ದ.

ಮುಚ್ಚಿದ ಬಾಗಿಲಿನ ಕಡೆಗೆ ದೂರದಿಂದಲೇ ಕೈಮುಗಿದ. ಮೂವರೂ ಇಳಿದು ಹೋದರು.

ಬಾಗಿಲು ಹಾಕಿದೆ. ನಡುಕ ಬರುತ್ತದೆ ಎಂದು ಕಾದೆ. ಬರಲಿಲ್ಲ. ಬದಲಿಗೆ, ಸಮುದ್ರವನ್ನು ಒಂದೇ ಗುಟುಕಿಗೆ ಕುಡಿದಂಥ ಧೈರ್ಯ ಎದೆಯಲ್ಲಿ ತುಂಬಿಕೊಂಡಿತ್ತು. ಲೇಡಿ ಹೊರಗೆ ಬಂದರು. ಕೆಮ್ಮು ತಡೆಯಲು ನನ್ನ ದಿಂಬಿನ ಚೀಲವನ್ನು ಬಾಯಿಗೆ ತುರುಕಿಕೊಂಡಿದ್ದರಂತೆ, ಅದು ಒದ್ದೆಯಾಗಿತ್ತು. ನಾನು ಅವನಿಗೆ ಏನು ಹೇಳಿದೆ ಎಂದು ಕೇಳಿದರು. ಮಡಿಯ ವಿಷಯವನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಸುಲಭವಲ್ಲ. ಒಗೆದ ಬಟ್ಟೆ, ಮುಟ್ಟಿದರೆ ಮೈಲಿಗೆ, ಯಾರು ಹೊಸ್ತಿಲ ಒಳಗೆ, ಯಾರು ಹೊರಗೆ, ಹೊರಗಿನವರು ಎಷ್ಟೇ ಒಳ್ಳೆಯವರಾದರೂ ಹೊರಗೇ, ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ಅವರು ಗಮನವಿಟ್ಟು ಕೇಳಿದರು.

“ನಿಮ್ಮ ಅತ್ತೆ ನಮ್ಮ ಪಕ್ಷದ ಅಧ್ಯಕ್ಷೆಯಾಗಬೇಕಿತ್ತು,” ಎಂದರು ಕೊನೆಗೆ.

“ಆಗುತ್ತಿದ್ದರೇನೋ,” ಎಂದೆ ನಾನು. “ಆದರೆ ಸಭೆಯ ದಿನ ನಿಮ್ಮನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದರು. ನೀವು ದನ ತಿನ್ನುತ್ತೀರಲ್ಲ.”

ಅವರಿಗೆ ನಗು ಶುರುವಾಯಿತು. ಹೊಲಿಗೆಯ ಜಾಗವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಕುರ್ಚಿಯ ಮೇಲೆ ಬಾಗಿ, ಕಣ್ಣೀರು ಬರುವವರೆಗೆ ನಕ್ಕರು. ನಾನೂ ನಕ್ಕೆ. ಸಂಜೆ ಇವರು ಬಂದಾಗ ಇಬ್ಬರೂ ಹೇಳಲು ಹೋಗಿ, ಇಬ್ಬರಿಗೂ ಪೂರ್ತಿ ಹೇಳಲಾಗಲಿಲ್ಲ.

ಪರದೇಶದ ಹೆಂಗಸರು, ಮಕ್ಕಳು ಹೊರಡಬಹುದು ಎಂಬ ಘೋಷಣೆ ಅದಾದ ಮೇಲೆ ಬಂತು. ನಂಬುವುದೋ ಬಿಡುವುದೋ ಎಂದು ನಾವು ಗಂಡಹೆಂಡತಿ ಗುಸುಗುಸು ಮಾಡುತ್ತಿದ್ದರೆ, ಲೇಡಿ ಬೂಟು ತರಿಸಿ ಎಂದರು. ಅಕ್ಕ ಅವಕ್ಕೆ ಪಾಲಿಶ್ ಹಾಕಿಯೇ ತಂದರು. ಕೆಲವೇ ದಿನಗಳಲ್ಲಿ, ಸಮುದ್ರದ ದಂಡೆಯ ಒಂದು ಹೋಟೆಲಿನ ಮುಂದೆ ಅವರನ್ನೆಲ್ಲ ಕರೆದೊಯ್ಯುವ ಬಸ್ಸು ನಿಂತಿತು. ನಾವು ಅವರನ್ನು ರಸ್ತೆಯ ತಿರುವಿನಲ್ಲಿ ಇಳಿಸಿ, ಎದುರಿನ ಅಂಗಡಿ ಸಾಲಿನ ನೆರಳಲ್ಲಿ, ಬ್ರೆಡ್ಡಿಗೆ ಕಾದು ನಿಂತವರ ಜೊತೆ ನಿಂತೆವು. ಹೊರಡುವ ಮುನ್ನ ಕಾರಿನಲ್ಲಿ ಅವರು ನನ್ನ ಕೈಹಿಡಿದುಕೊಂಡು, ನೀವು ವೋಟಿಗೆ ನಿಂತರೆ ಗೆಲ್ಲುತ್ತೀರಿ, ಎಂದಿದ್ದರು. ಮುತ್ತಿನ ಸರ ತೆಗೆದು ಕೊಡಬಂದರು. ನಾನು ತೆಗೆದುಕೊಳ್ಳಲಿಲ್ಲ. ಅದಿಲ್ಲದೆ ಅವರ ಕುತ್ತಿಗೆಯನ್ನು ಊಹಿಸಲು ನನಗೆ ಆಗುತ್ತಿರಲಿಲ್ಲ.

ಬಸ್ಸಿನ ಮೆಟ್ಟಿಲ ಬಳಿ ಒಬ್ಬ ಸೈನಿಕ ಪ್ರತಿಯೊಬ್ಬರನ್ನೂ ತಡೆದು, ಇಷ್ಟು ದಿನ ಎಲ್ಲಿದ್ದಿರಿ, ಯಾರು ಇಟ್ಟುಕೊಂಡಿದ್ದರು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ನಾವು ಇದನ್ನು ಎಣಿಸಿರಲಿಲ್ಲ. ಒಂದು ಮಾತು ತಪ್ಪಿದರೂ ಸಾಕು, ಜಾಬ್ರಿಯಾಕ್ಕೆ ಜೀಪು ಬರುತ್ತಿತ್ತು. ಲೇಡಿಯವರ ಸರದಿ ಬಂತು. ಮೈಕಿಲ್ಲದ ಮೈದಾನಗಳಲ್ಲಿ ಪಳಗಿದ ಅವರ ದನಿ ರಸ್ತೆ ದಾಟಿ ನಮ್ಮವರೆಗೂ ಸ್ಪಷ್ಟವಾಗಿ ಕೇಳಿಸಿತು.

“ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದೆ. ಗಾಯ ತೋರಿಸಲೇ?”

ಉತ್ತರಕ್ಕೂ ಕಾಯದೆ ಅಂಗಿಯ ಗುಂಡಿ ಬಿಚ್ಚತೊಡಗಿದರು. ಸೈನಿಕನ ಮುಖ ಕೆಂಪಾಯಿತು. ಅವನು ಎರಡೂ ಕೈಯೆತ್ತಿ, ಬೇಡ ತಾಯೀ, ಹತ್ತು, ಹತ್ತು, ಎಂಬಂತೆ ಬಸ್ಸಿನ ಕಡೆ ತೋರಿಸಿದ. ಅವರು ಗುಂಡಿ ಹಾಕಿಕೊಂಡು, ರಾಣಿಯ ಗತ್ತಿನಲ್ಲಿ ಹತ್ತಿದರು. ಅವರ ಹಿಂದೆ ಇದ್ದ ಹೆಂಗಸರೂ ಒಬ್ಬೊಬ್ಬರಾಗಿ ಹೊಟ್ಟೆ ಮುಟ್ಟಿ ತೋರಿಸಿ ಹತ್ತಿಬಿಟ್ಟರು. ಅವನು ಯಾರನ್ನೂ ಕೇಳುವ ಧೈರ್ಯ ಮಾಡಲಿಲ್ಲ.

ಆ ಮೇಲೆ ಅವರು ಬದಲಾದರೇ ಎಂದು ಕೇಳುವವರಿದ್ದಾರೆ. ನಾವೂ ಅದೇ ಹಿಂಗಾರಿನ ಹೊತ್ತಿಗೆ ಜೋರ್ಡಾನಿನ ಅಮ್ಮಾನ್ ದಾರಿ ಹಿಡಿದು ಊರು ಸೇರಿ, ೧೯೯೧ರಲ್ಲಿ ಮತ್ತೆ ಕುವೈತಿಗೆ ಬಂದಾಗ ಅವರ ಸೋದರಳಿಯ ಆಸ್ಪತ್ರೆಗೆ ಇವರನ್ನು ಹುಡುಕಿಕೊಂಡು ಬಂದಿದ್ದ. ಅತ್ತೆ ಗಟ್ಟಿಯಾಗಿದ್ದಾರೆ, ಮತ್ತೆ ವೇದಿಕೆ ಹತ್ತಿದ್ದಾರೆ, ಮೊದಲು ಹೇಳುತ್ತಿದ್ದದ್ದನ್ನೇ ಹೇಳುತ್ತಿದ್ದಾರೆ ಎಂದನಂತೆ. ಒಂದೇ ವ್ಯತ್ಯಾಸವೆಂದರೆ, ಡಾಕ್ಟರುಗಳ ಮಾತು ಬಂದಾಗ ನೀರು ಕುಡಿದು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರಂತೆ. ಅಷ್ಟು ಸಾಕು ಎಂದು ಇವರು ನಕ್ಕರು. ನನಗೆ ಅಷ್ಟು ಸಾಲದು. ಆದರೂ ಅವರ ಪ್ರಾಣ ಉಳಿದದ್ದರ ಸಂತೋಷದಲ್ಲಿ ಇದು ಒಂದು ಹನಿಯನ್ನೂ ಕಡಿಮೆ ಮಾಡಲಿಲ್ಲ.

ಬಸ್ಸು ಹೊರಟ ಆ ದಿನ ಮನೆಗೆ ಬಂದವಳೇ ಡಬ್ಬಿಗಳನ್ನೆಲ್ಲ ತಡಕಿ, ಉಳಿದಿದ್ದ ರವೆ, ಸಕ್ಕರೆ, ತುಪ್ಪವನ್ನಷ್ಟೂ ಸುರಿದು ಕೇಸರಿಬಾತ್ ಮಾಡಿ, ತಟ್ಟೆಗೆ ಹರಡಿ ತುಂಡು ಕತ್ತರಿಸಿದೆ. ನಾಳೆಗೆ ಏನು ಎಂದು ಯೋಚಿಸಲಿಲ್ಲ. ತಟ್ಟೆ ಹಿಡಿದು ಬಿಲ್ಡಿಂಗಿನ ಮನೆಮನೆಗೂ ಕೊಟ್ಟು ಬಂದೆ. ಯುದ್ಧದ ನಡುವೆ ಇದೇನು ಎಂದು ಕೇಳಿದವರಿಗೆಲ್ಲ ಹುಟ್ಟುಹಬ್ಬ ಎಂದೆ. ಕೊನೆಗೆ ಮಂಗಳೂರಿನ ಅಕ್ಕನ ಬಾಗಿಲು.

“ಹುಟ್ಟುಹಬ್ಬ ಯಾರದ್ದು ಮಾರಾಯ್ತಿ?” ಎಂದರು ಅಕ್ಕ, ಎಲ್ಲ ಗೊತ್ತಿದ್ದವರು.

“ನಂದೇ,” ಎಂದೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಾಗಾದರೆ ಇಷ್ಟು ಸಣ್ಣ ತುಂಡು ಯಾಕೆ? ಇನ್ನೊಂದು ಹಾಕು,” ಎಂದು ತಟ್ಟೆ ಮುಂದೆ ಹಿಡಿದರು.